ಚಿಕ್ಕ ಮಕ್ಕಳ ಗುರುವಾಗುವ ದಾರಿ

ತಾಯಿಯ ಮಡಿಲಿನಿಂದ ಇಳಿದ ಮಗುವಿನ ಕೈಯನ್ನು ಮನೆಯ ಹೊರಗೆ ಮೊದಲು ಹಿಡಿಯುವವರು ಪ್ರಾಥಮಿಕ ಶಾಲೆಯ ಗುರುಗಳು. ಕಾಲೇಜಿನಲ್ಲಿ ಪಾಠ ಹೇಳಿದವರ ಹೆಸರುಗಳನ್ನು ನಾವು ಮರೆತಿರಬಹುದು. ಆದರೆ ಪಾಟಿಯ ಮೇಲೆ ನಮ್ಮ ಕೈ ಹಿಡಿದು ಅಕ್ಷರ ತಿದ್ದಿಸಿದ ಅಕ್ಕೋರನ್ನು, ಮಾಸ್ತರರನ್ನು ಎಪ್ಪತ್ತರ ಹಿರಿಯರೂ ನೆನೆಯುತ್ತಾರೆ. ಇಷ್ಟು ದೊಡ್ಡ ಹೊಣೆಯ ಕಾಯಕಕ್ಕೆ ನಮ್ಮ ಮಕ್ಕಳನ್ನು ಅಣಿಗೊಳಿಸುವಾಗ ನಾವು ಎಷ್ಟರಮಟ್ಟಿಗೆ ವಿಚಾರ ಮಾಡುತ್ತೇವೆ? "ಹೇಗೂ ಡಿಗ್ರಿ ಮುಗಿದಿದೆ, ಬಿ.ಇಡಿ. ಮಾಡಿಸಿಬಿಡೋಣ, ಎಲ್ಲಾದರೂ ಸಾಲಿಯಲ್ಲಿ ಕೆಲಸ ಸಿಕ್ಕೀತು" ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಒಂದು ಮಾತಿನ ಹಿಂದೆ ಎಷ್ಟು ತಿಳಿವಳಿಕೆ ಇರಬೇಕೆಂಬುದನ್ನು ಇತ್ತೀಚೆಗೆ ಒಂದು ಕುಟುಂಬದಿಂದ ನಾವು ಅರಿತುಕೊಂಡೆವು.

ಶ್ರಾವಣ ಮಾಸದ ಒಂದು ಸೋಮವಾರ ಹಾವೇರಿ ಜಿಲ್ಲೆಯ ಊರೊಂದರಲ್ಲಿ ಪರಿಚಯದ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಯಜಮಾನರದು ಸಣ್ಣ ಬಟ್ಟೆ ಅಂಗಡಿ. ಪ್ರಸಾದ ಮುಗಿದು ಎಲೆ ಅಡಿಕೆಯ ತಟ್ಟೆ ಬಂದಾಗ ಅದರ ಜೊತೆಗೆ ಪ್ರಮಾಣಪತ್ರಗಳ ಒಂದು ಫೈಲೂ ಬಂದಿತು.

"ಅಣ್ಣಾರ, ನೀವು ನಾಕ ಮಂದಿ ಜೋಡಿ ಓಡಾಡಾವ್ರು. ಈ ಕಾಗದದಾಗ ನಮ್ಮ ಹುಡುಗಿ ಎಲ್ಲಿ ತಪ್ಪ್ಯಾಳ, ಒಂದಿಷ್ಟ ನೋಡಿ ಹೇಳ್ರಿ" ಎಂದರು ಯಜಮಾನರು.

ಬಾಗಿಲ ಬಳಿ ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು: "ತಪ್ಪು ಯಾರದೂ ಅಲ್ಲರಿ. ನಡುವ ಕಾಯ್ದೆ ಬದಲಾತು."

ಆಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಿ.ಎಸ್ಸಿ. ಪದವಿ ಪಡೆದವಳು. ಅನಂತರ ಎರಡು ವರ್ಷ ಬಿ.ಇಡಿ. ಮಾಡಿದಳು. ಚಿಕ್ಕ ಮಕ್ಕಳಿಗೆ ಕಲಿಸಬೇಕೆಂಬುದು ಆಕೆಯ ಬಾಲ್ಯದ ಆಸೆ. ಅದಕ್ಕಾಗಿ ಕೇಂದ್ರದ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ 1ರಿಂದ 5ನೆಯ ತರಗತಿಯವರೆಗಿನ ಬೋಧನೆಗೆ ಮೀಸಲಾದ ಮೊದಲನೆಯ ಪತ್ರಿಕೆಯನ್ನೂ ಪಾಸು ಮಾಡಿದಳು. ಒಮ್ಮೆ ನೇಮಕಾತಿ ಪರೀಕ್ಷೆ ಬರೆದು ಕೆಲವೇ ಅಂಕಗಳಿಂದ ಹಿಂದುಳಿದಳು. ಮುಂದಿನ ಅವಕಾಶಕ್ಕೆ ಓದುತ್ತಿದ್ದಾಗ 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದಿತು. 1ರಿಂದ 5ನೆಯ ತರಗತಿಗಳ ಶಿಕ್ಷಕರಾಗಲು ಬಿ.ಇಡಿ. ಅರ್ಹತೆಯಲ್ಲ ಎಂಬುದು ಆ ತೀರ್ಪಿನ ಸಾರ. ಎರಡು ವರ್ಷದ ಓದು ಹಾಗೂ ತಂದೆ ಕೂಡಿಸಿಟ್ಟ ಹಣ ವ್ಯರ್ಥವಾದವೇ ಎಂಬ ಕಳವಳ ಆ ಮನೆಯನ್ನು ಕವಿದಿತ್ತು. ಇಂಥ ಕಳವಳದಲ್ಲಿರುವ ಇನ್ನೂ ಅನೇಕ ಮನೆಗಳು ನಮ್ಮ ಓದುಗ ಬಂಧುಗಳಲ್ಲಿ ಇರಬಹುದೆಂದು ಎಣಿಸಿ, ಈ ವಿಷಯವನ್ನು ಕೊಂಚ ವಿವರವಾಗಿ ಇಲ್ಲಿ ನಿವೇದಿಸುತ್ತಿದ್ದೇವೆ.

ಅಂದಿನ ಮಾಸ್ತರಿಕೆ

ನಮ್ಮ ಹಿರಿಯರ ಕಾಲದಲ್ಲಿ ಇಷ್ಟೊಂದು ಪರೀಕ್ಷೆಗಳಿರಲಿಲ್ಲ. ಮುಂಬಯಿ ಆಡಳಿತಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ಮುಲ್ಕಿ ಪರೀಕ್ಷೆ ಪಾಸಾದರೆ ಕನ್ನಡ ಸಾಲಿಯ ಮಾಸ್ತರಿಕೆ ದೊರೆಯುತ್ತಿತ್ತು. 1886ರಲ್ಲಿ ಬನವಾಸಿಯಲ್ಲಿ ಜನಿಸಿ, ಮುಂದೆ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದ ಹರ್ಡೇಕರ ಮಂಜಪ್ಪನವರು ಸಹ ಮುಲ್ಕಿ ಮುಗಿಸಿ ಶಿರಸಿಯಲ್ಲಿ ಶಾಲಾ ಶಿಕ್ಷಕರಾಗಿಯೇ ಬದುಕನ್ನು ಆರಂಭಿಸಿದವರು. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಡೆಪ್ಯೂಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯ ಮೂಲಕ ಕನ್ನಡ ಶಿಕ್ಷಕರನ್ನು ತರಬೇತುಗೊಳಿಸಿದರು. ಕನ್ನಡ ಶಾಲೆಗಳನ್ನು ತೆರೆಯುವುದರ ಜೊತೆಗೆ ಅವುಗಳಿಗೆ ಬೇಕಾದ ಶಿಕ್ಷಕರನ್ನು ತಯಾರು ಮಾಡದಿದ್ದರೆ ಶಾಲೆ ನಿಲ್ಲದೆಂಬುದು ಅವರಿಗೆ ಗೊತ್ತಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಮಹನೀಯರನ್ನು ನಾಡು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಸಮಾಜದ ಏಳಿಗೆ ಶಾಲೆಯಿಂದ, ಶಾಲೆಯ ಏಳಿಗೆ ಶಿಕ್ಷಕನಿಂದ ಎಂಬ ನಂಬಿಕೆ ನಮ್ಮಲ್ಲಿ ಇಂದು ನಿನ್ನೆಯದಲ್ಲ.

ಆ ಬಳಿಕ ಟಿ.ಸಿ.ಎಚ್. ಎಂಬ ತರಬೇತಿ ಮನೆಮಾತಾಯಿತು. ಅದೇ ಡಿ.ಇಡಿ. ಎನಿಸಿ, ಈಗ ಡಿ.ಎಲ್.ಇಡಿ. ಎಂಬ ಹೆಸರಿನಿಂದ ನಡೆಯುತ್ತಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಡಯಟ್ ಎಂದು ಕರೆಯಲಾಗುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಸ್ಥಾಪನೆಯಾದವು. 1993ರ ಕಾಯಿದೆಯಂತೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ರೂಪುಗೊಂಡು, ಶಿಕ್ಷಕರ ತರಬೇತಿಗೆ ದೇಶದಾದ್ಯಂತ ನಿಯಮಗಳನ್ನು ವಿಧಿಸತೊಡಗಿತು. 2010ರ ಏಪ್ರಿಲ್ 1ರಿಂದ ಕಡ್ಡಾಯ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟ್ 23ರಂದು ಪರಿಷತ್ತು ಹೊರಡಿಸಿದ ಅಧಿಸೂಚನೆಯು 1ರಿಂದ 8ನೆಯ ತರಗತಿಯವರೆಗಿನ ಶಿಕ್ಷಕರ ಕನಿಷ್ಠ ವಿದ್ಯಾರ್ಹತೆಯನ್ನು ನಿಗದಿಪಡಿಸಿತು. ಇಂದಿನ ವ್ಯವಸ್ಥೆಗೆ ಅದೇ ಬುನಾದಿ.

ಎರಡು ಬಾಗಿಲುಗಳು

ಪ್ರಾಥಮಿಕ ಶಾಲೆ ಎಂದಾಗ ನಮ್ಮ ಕಣ್ಣಿಗೆ ಒಂದೇ ಕಟ್ಟಡ ಕಾಣುತ್ತದೆ. ಆದರೆ ನಿಯಮದ ದೃಷ್ಟಿಯಲ್ಲಿ ಅದಕ್ಕೆ ಎರಡು ಬಾಗಿಲುಗಳಿವೆ. ಒಂದು 1ರಿಂದ 5ನೆಯ ತರಗತಿಯದು, ಇನ್ನೊಂದು 6ರಿಂದ 8ನೆಯ ತರಗತಿಯದು. ಪದವಿ ಮುಗಿಸಿದ ಮಗ ಅಥವಾ ಮಗಳು ಯಾವ ಬಾಗಿಲಿನಿಂದ ಒಳಹೋಗಬೇಕೆಂದು ಮೊದಲು ನಿಶ್ಚಯಿಸಿ, ಅನಂತರ ತರಬೇತಿಯನ್ನು ಆರಿಸಿಕೊಳ್ಳಬೇಕು. ಬಹುಪಾಲು ಮನೆಗಳಲ್ಲಿ ಇದು ತಿರುವುಮುರುವಾಗುತ್ತಿದೆ. ಮೊದಲು ಶುಲ್ಕ ಕಟ್ಟಿ, ಆಮೇಲೆ ಬಾಗಿಲು ಹುಡುಕುತ್ತಿದ್ದೇವೆ.

ಮೊದಲ ಬಾಗಿಲಿಗೆ ಪಿ.ಯು.ಸಿ.ಯಲ್ಲಿ ನಿಗದಿತ ಅಂಕ, ಎರಡು ವರ್ಷದ ಡಿ.ಎಲ್.ಇಡಿ. ಹಾಗೂ ಶಿಕ್ಷಕ ಅರ್ಹತಾ ಪರೀಕ್ಷೆಯ, ಅಂದರೆ ಟಿ.ಇ.ಟಿ.ಯ, ಮೊದಲನೆಯ ಪತ್ರಿಕೆಯ ಉತ್ತೀರ್ಣತೆ ಬೇಕು. ಇಲ್ಲಿ ಪದವಿ ಕಡ್ಡಾಯವಲ್ಲ, ಆದರೆ ಡಿ.ಎಲ್.ಇಡಿ. ತಪ್ಪದು.

ಎರಡನೆಯ ಬಾಗಿಲಿಗೆ ಪದವಿ ಬೇಕೇ ಬೇಕು. ಅದರ ಜೊತೆಗೆ ಡಿ.ಎಲ್.ಇಡಿ. ಅಥವಾ ಬಿ.ಇಡಿ. ಇವೆರಡರಲ್ಲಿ ಒಂದು, ಹಾಗೂ ಟಿ.ಇ.ಟಿ.ಯ ಎರಡನೆಯ ಪತ್ರಿಕೆಯ ಉತ್ತೀರ್ಣತೆ ಇರಬೇಕು. ಕರ್ನಾಟಕದಲ್ಲಿ ಈ ಹುದ್ದೆಯನ್ನು ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆ ಎನ್ನುತ್ತಾರೆ. 6ರಿಂದ 8ನೆಯ ತರಗತಿಗೆ ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆ ಇವುಗಳಿಗೆ ತಕ್ಕ ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುವುದರಿಂದ, ಇಲ್ಲಿ ಪದವಿಯಲ್ಲಿ ಓದಿದ ವಿಷಯಗಳೂ ಲೆಕ್ಕಕ್ಕೆ ಬರುತ್ತವೆ. ಗಣಿತ ಶಿಕ್ಷಕನಾಗಬೇಕಾದವನು ಪದವಿಯಲ್ಲಿ ಗಣಿತ ಓದಿರಬೇಕು. ಪದವಿಗೆ ಸೇರುವಾಗಲೇ ಈ ಎಚ್ಚರವಿದ್ದರೆ ಮುಂದೆ ಪರದಾಟ ತಪ್ಪುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಪಾಲಕರು ಗಮನಿಸಬೇಕು. ಪದವಿಯ ಜೊತೆಗೆ ಬಿ.ಇಡಿ. ಮಾಡಿದವರಿಗೆ 6ರಿಂದ 8ನೆಯ ತರಗತಿ ಮತ್ತು ಪ್ರೌಢಶಾಲೆಯ ದಾರಿ ತೆರೆದಿರುತ್ತದೆ. ಪದವಿಯ ಜೊತೆಗೆ ಡಿ.ಎಲ್.ಇಡಿ. ಮಾಡಿದವರಿಗೆ 1ರಿಂದ 5ನೆಯ ತರಗತಿಯೂ, 6ರಿಂದ 8ನೆಯ ತರಗತಿಯೂ ತೆರೆದಿರುತ್ತವೆ. ಆದರೆ ಪ್ರೌಢಶಾಲೆಗೆ ಹೋಗಲು ಬಿ.ಇಡಿ. ಇಲ್ಲದೆ ಆಗದು. ಡಿ.ಎಲ್.ಇಡಿ. ಎಂದರೆ ಪಿ.ಯು.ಸಿ. ಮಟ್ಟದ್ದು, ಪದವೀಧರರಿಗೆ ಅದು ಇಳಿಮೆಟ್ಟಿಲು ಎಂಬ ಭಾವನೆ ನಮ್ಮಲ್ಲಿದೆ. ಚಿಕ್ಕ ಮಕ್ಕಳಿಗೇ ಕಲಿಸಬೇಕೆಂಬ ಹಂಬಲವುಳ್ಳವರು ಈ ಭಾವನೆಯನ್ನು ಬದಿಗಿಡುವುದು ಲೇಸು. ಪದವಿ ಮುಗಿಸಿದವರೂ ಅದಕ್ಕೆ ಸೇರಲು ಅವಕಾಶವಿರುವುದರಿಂದ, ಪಿ.ಯು.ಸಿ.ಯ ಅಂಕ ಹಾಗೂ ಆ ವರ್ಷದ ಪ್ರವೇಶ ನಿಯಮಗಳನ್ನು ನೋಡಿಕೊಂಡು ಮುಂದುವರಿಯಬಹುದು.

ಸೇರುವ ಸಂಸ್ಥೆಗೆ ರಾಷ್ಟ್ರೀಯ ಪರಿಷತ್ತಿನ ಮಾನ್ಯತೆ ಇದೆಯೇ, ಬಿ.ಇಡಿ. ಕಾಲೇಜಾದರೆ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮುನ್ನ ಖಾತರಿಪಡಿಸಿಕೊಳ್ಳಬೇಕು. "ತರಗತಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎನ್ನುವವರಿಂದ ದೂರವಿರುವುದು ಕ್ಷೇಮ. 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ ಶಿಕ್ಷಣವಾಯಿತು. ಅದರಲ್ಲಿ 20 ವಾರಗಳನ್ನು ಶಾಲೆಯಲ್ಲಿಯೇ, ಮಕ್ಕಳ ನಡುವೆಯೇ ಕಳೆಯಬೇಕೆಂದು ಗೊತ್ತುಪಡಿಸಲಾಯಿತು. ಆ 20 ವಾರ ತಪ್ಪಿಸಿಕೊಂಡು ಪಡೆದ ಪ್ರಮಾಣಪತ್ರ ಮುಂದೆ ತರಗತಿಯಲ್ಲಿ ನಿಂತಾಗ ಕೈಹಿಡಿಯುವುದಿಲ್ಲ.

ನ್ಯಾಯಾಲಯದ ತೀರ್ಪಿನ ಮರ್ಮ

ಮತ್ತೆ ಆ ಹೆಣ್ಣುಮಗಳ ಕಾಗದಪತ್ರಗಳತ್ತ ಬರೋಣ. ಆಕೆ ಬಿ.ಇಡಿ. ಸೇರಿದ ಸಮಯದಲ್ಲಿ ಆಕೆಗೆ ದೊರೆತ ಮಾಹಿತಿ ಸುಳ್ಳಾಗಿರಲಿಲ್ಲ. 2018ರ ಜೂನ್ 28ರಂದು ರಾಷ್ಟ್ರೀಯ ಪರಿಷತ್ತು ಹೊರಡಿಸಿದ ಅಧಿಸೂಚನೆಯಂತೆ ಬಿ.ಇಡಿ. ಪಡೆದವರೂ 1ರಿಂದ 5ನೆಯ ತರಗತಿಯ ಶಿಕ್ಷಕರಾಗಬಹುದಿತ್ತು. ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ವಿಶೇಷ ತರಬೇತಿ ಮುಗಿಸಬೇಕೆಂಬುದೊಂದೇ ಷರತ್ತು. ರಾಜಸ್ಥಾನದ ಉಚ್ಚ ನ್ಯಾಯಾಲಯ ಈ ಅಧಿಸೂಚನೆಯನ್ನು 2021ರಲ್ಲಿ ರದ್ದುಪಡಿಸಿತು. ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿಗೆ ಮುನ್ನ, ಬಿ.ಇಡಿ.ಯನ್ನು ಅರ್ಹತೆಯೆಂದು ಒಪ್ಪಿದ ನೇಮಕಾತಿಯಲ್ಲಿ ಕ್ರಮಬದ್ಧವಾಗಿ ನೇಮಕಗೊಂಡವರ ಕೆಲಸಕ್ಕೆ ಬಾಧೆಯಿಲ್ಲವೆಂದು 2024ರ ಏಪ್ರಿಲ್ 8ರಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಆದರೆ ಇನ್ನೂ ನೇಮಕವಾಗದ ಈ ಹೆಣ್ಣುಮಗಳಂಥವರಿಗೆ ಮೊದಲ ಬಾಗಿಲು ಮುಚ್ಚಿತು.

ಈ ತೀರ್ಪು ಕಠಿಣವಾಗಿ ತೋರಬಹುದು. ಆದರೆ ಇದರ ಹಿಂದಿನ ವಿಚಾರವನ್ನು ತಿಳಿದರೆ ಮನಸ್ಸು ಕೊಂಚ ಸಮಾಧಾನಗೊಳ್ಳುತ್ತದೆ. ಉಚಿತ ಹಾಗೂ ಕಡ್ಡಾಯ ಶಿಕ್ಷಣ ಮಗುವಿನ ಮೂಲಭೂತ ಹಕ್ಕು. ಆ ಶಿಕ್ಷಣದಲ್ಲಿ ಗುಣಮಟ್ಟವಿಲ್ಲದಿದ್ದರೆ ಹಕ್ಕಿಗೆ ಅರ್ಥವಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸುವ ಕ್ರಮವನ್ನು ಬಿ.ಇಡಿ. ಕಲಿಸಿಕೊಡುವುದಿಲ್ಲ, ಅದು ಮೇಲಿನ ತರಗತಿಗಳಿಗಾಗಿ ರೂಪಿಸಿದ ಶಿಕ್ಷಣ ಎಂಬುದು ನ್ಯಾಯಾಲಯದ ಅಭಿಪ್ರಾಯ.

ಇದು ನಿಜವೇ ಎಂದು ತಿಳಿಯಲು ನಮ್ಮ ರಾಜ್ಯದ ಯಾವುದಾದರೂ ಸರಕಾರಿ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ಅರ್ಧ ದಿನ ಕುಳಿತರೆ ಸಾಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಕ್ರಮ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. 1, 2 ಮತ್ತು 3ನೆಯ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ಕೂಡುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರ, ನೆಲದ ಮೇಲೆ ಗುಂಪುಗುಂಪಾಗಿ ಮಕ್ಕಳು. ಪ್ರತಿ ಮಗುವೂ ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ಹುಡುಕಿ ತರಬೇಕು. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ನೆರವು ಬೇಕು, ಇನ್ನೊಂದಕ್ಕೆ ಅಲ್ಪ ನೆರವು ಸಾಕು, ಮತ್ತೊಂದು ಗುಂಪು ತಾನಾಗಿಯೇ ಕಲಿಯುತ್ತದೆ. ನಡುವೆ ಒಂದು ಮಗು ಅಳುತ್ತದೆ, ಇನ್ನೊಂದು ಮೂಗು ಒರೆಸಿಕೊಳ್ಳಲು ಬರುತ್ತದೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಕನ್ನಡದ ಮಾತಿಗೆ ಮುಖ ನೋಡುತ್ತ ಕೂಡುತ್ತದೆ. ಹತ್ತನೆಯ ತರಗತಿಗೆ ಬೀಜಗಣಿತ ಕಲಿಸುವ ವಿದ್ಯೆ ಬೇರೆ, ಒಂಬತ್ತಾದ ಮೇಲೆ ಹತ್ತು ಹೇಗೆ ಬಂದಿತೆಂದು ಹುಣಸೆಬೀಜದ ಕಟ್ಟು ಮಾಡಿ ತೋರಿಸುವ ವಿದ್ಯೆ ಬೇರೆ. ಎರಡನೆಯದು ಸುಲಭವೆಂದು ತಿಳಿದಿರುವುದು ನಮ್ಮ ಸಮಾಜದ ದೊಡ್ಡ ತಪ್ಪು ತಿಳಿವಳಿಕೆ.

ಅರ್ಹತಾ ಪರೀಕ್ಷೆ

ತರಬೇತಿಯ ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಅರ್ಹತೆ ಪೂರ್ಣವಾಗದು, ಟಿ.ಇ.ಟಿ.ಯೂ ಆಗಬೇಕು. ಕರ್ನಾಟಕದಲ್ಲಿ ಈ ಪರೀಕ್ಷೆ 2014ರಿಂದ ನಡೆಯುತ್ತ ಬಂದಿದೆ. ಕೇಂದ್ರೀಯ ವಿದ್ಯಾಲಯಗಳಂಥ ಕೇಂದ್ರದ ಶಾಲೆಗಳಿಗಾಗಿ ಸಿ.ಬಿ.ಎಸ್.ಇ. ಮಂಡಳಿಯು ಪ್ರತ್ಯೇಕವಾಗಿ ಸಿ.ಟಿ.ಇ.ಟಿ. ನಡೆಸುತ್ತದೆ.

ಪ್ರತಿ ಪತ್ರಿಕೆಗೆ 150 ಪ್ರಶ್ನೆಗಳು, 150 ಅಂಕಗಳು, ಎರಡೂವರೆ ತಾಸಿನ ಅವಧಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲನೆಯ ಪತ್ರಿಕೆಯಲ್ಲಿ ಶಿಶು ವಿಕಸನ ಮತ್ತು ಬೋಧನಾ ಕ್ರಮ, ಮೊದಲ ಭಾಷೆ, ಎರಡನೆಯ ಭಾಷೆ, ಗಣಿತ, ಪರಿಸರ ಅಧ್ಯಯನ ಎಂಬ ಐದು ಭಾಗಗಳಿಗೆ ತಲಾ 30 ಅಂಕ. ಎರಡನೆಯ ಪತ್ರಿಕೆಯಲ್ಲಿ ಶಿಶು ವಿಕಸನಕ್ಕೂ ಎರಡು ಭಾಷೆಗಳಿಗೂ ತಲಾ 30 ಅಂಕ. ಉಳಿದ 60 ಅಂಕಗಳು ಗಣಿತ ಮತ್ತು ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಅಭ್ಯರ್ಥಿಯು ತನ್ನ ವಿಷಯಕ್ಕೆ ತಕ್ಕಂತೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ.

ಉತ್ತೀರ್ಣರಾಗಲು ಶೇಕಡಾ 60, ಅಂದರೆ 150ಕ್ಕೆ 90 ಅಂಕ ಬೇಕು. ರಾಜ್ಯದ ಪರೀಕ್ಷೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡಾ 55ರ ರಿಯಾಯಿತಿ ಇದೆ. 2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ಈ ರಿಯಾಯಿತಿ ಇಲ್ಲ. ನಮ್ಮ ಸಮಾಜದ ಬಹುಪಾಲು ಮಕ್ಕಳು 3ಬಿ ಪ್ರವರ್ಗದಲ್ಲಿ ಬರುವುದರಿಂದ 90 ಅಂಕವೇ ಗುರಿಯೆಂದು ಮೊದಲೇ ತಿಳಿದಿರಬೇಕು. ಹೆಚ್ಚಿನವರು ವಿಷಯದ ಪ್ರಶ್ನೆಗಳಲ್ಲಿ ಗೆದ್ದು, ಶಿಶು ವಿಕಸನದಲ್ಲಿಯೂ ಇಂಗ್ಲಿಷಿನಲ್ಲಿಯೂ ಎಡವುತ್ತಾರೆಂದು ಈ ಪರೀಕ್ಷೆಗೆ ತಯಾರಿ ಮಾಡಿಸುವ ಶಿಕ್ಷಕ ಮಿತ್ರರು ನಮಗೆ ಹೇಳಿದರು. ಒಮ್ಮೆ ಪಡೆದ ಟಿ.ಇ.ಟಿ. ಪ್ರಮಾಣಪತ್ರ ಮೊದಲು ಏಳು ವರ್ಷಕ್ಕಷ್ಟೇ ಸಲ್ಲುತ್ತಿತ್ತು. 2021ರಲ್ಲಿ ಅದನ್ನು ಜೀವಮಾನದ ಮಾನ್ಯತೆಯನ್ನಾಗಿ ಮಾಡಲಾಯಿತು. ಮದುವೆ, ಹೆರಿಗೆ, ಮನೆಯ ಹೊಣೆಗಳ ನಡುವೆ ಕೆಲವು ವರ್ಷ ಓದನ್ನು ನಿಲ್ಲಿಸಬೇಕಾಗುವ ನಮ್ಮ ಹೆಣ್ಣುಮಕ್ಕಳಿಗೆ ಇದೊಂದು ದೊಡ್ಡ ಅನುಕೂಲ. ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲೂ ಅಡ್ಡಿಯಿಲ್ಲ. ನೇಮಕಾತಿಯಲ್ಲಿ ಈ ಅಂಕಗಳಿಗೂ ತೂಕ ಕೊಡಬೇಕೆಂದು ಪರಿಷತ್ತಿನ ಮಾರ್ಗಸೂಚಿ ಹೇಳುವುದರಿಂದ, 90ಕ್ಕೆ ತೃಪ್ತಿಪಡದೆ ಮುಂದೆ ಹೋಗುವುದು ಜಾಣತನ.

ನೇಮಕಾತಿ ಮತ್ತು ಕಾಗದಪತ್ರ

ಟಿ.ಇ.ಟಿ. ಪಾಸಾದವರಿಗೆ ಕೆಲಸ ತಾನಾಗಿಯೇ ಬರುತ್ತದೆಂದು ಕೆಲವರು ತಿಳಿಯುತ್ತಾರೆ. ಅದು ಅರ್ಹತೆಯ ಪರೀಕ್ಷೆ ಮಾತ್ರ. ಸರಕಾರಿ ಶಾಲೆಯ ಹುದ್ದೆಗೆ ಅಧಿಸೂಚನೆ ಹೊರಟಾಗ ಬೇರೆ ಸ್ಪರ್ಧಾತ್ಮಕ ಪರೀಕ್ಷೆಯನ್ನು ಎದುರಿಸಬೇಕು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅಧಿಸೂಚನೆ ಹೊರಟು, ಮೇ 21 ಮತ್ತು 22ರಂದು ಪರೀಕ್ಷೆ ನಡೆಯಿತು. ಇಂಥ ಅವಕಾಶ ವರ್ಷಕ್ಕೊಮ್ಮೆ ಬರುವಂಥದಲ್ಲ. ಬಂದಾಗ ಕೈಬಿಡದಂತೆ ಸಿದ್ಧರಾಗಿರಬೇಕು.

ಆ ನೇಮಕಾತಿಯಿಂದ ನಮ್ಮ ಕುಟುಂಬಗಳು ಕಲಿಯಬೇಕಾದ ಒಂದು ಪಾಠವಿದೆ. ಮದುವೆಯಾದ ಮಹಿಳಾ ಅಭ್ಯರ್ಥಿಯು ಸಲ್ಲಿಸುವ ಜಾತಿ ಹಾಗೂ ಆದಾಯದ ಪ್ರಮಾಣಪತ್ರ ತಂದೆಯ ಹೆಸರಿನದಿರಬೇಕೇ, ಗಂಡನ ಹೆಸರಿನದಿರಬೇಕೇ ಎಂಬ ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆಯ್ಕೆಯಾದವರ ನೇಮಕಾತಿ ತಿಂಗಳುಗಟ್ಟಲೆ ತಡವಾಯಿತು. ಅಧಿಸೂಚನೆಯಲ್ಲಿ ಈ ಬಗ್ಗೆ ಏನು ಬರೆದಿದೆ ಎಂಬುದನ್ನು ಅಕ್ಷರ ಅಕ್ಷರವಾಗಿ ಓದಿ, ಅರ್ಜಿಯ ಕೊನೆಯ ದಿನಾಂಕದೊಳಗಿನ ಪ್ರಮಾಣಪತ್ರವನ್ನೇ ಪಡೆದಿಟ್ಟುಕೊಳ್ಳಬೇಕು. ಗ್ರಾಮೀಣ ಅಭ್ಯರ್ಥಿಯ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದ ಮಕ್ಕಳಾದರೆ 371(ಜೆ) ವಿಧಿಯ ಪ್ರಮಾಣಪತ್ರ ಇವೆಲ್ಲವೂ ಮುಂಚಿತವಾಗಿ ಸಿದ್ಧವಿರಲಿ. ಓದಿ ಗಳಿಸಿದ ಅಂಕವನ್ನು ಒಂದು ಕಾಗದದ ಲೋಪದಿಂದ ಕಳೆದುಕೊಂಡವರ ಸಂಕಟವನ್ನು ನಾವು ಕಂಡಿದ್ದೇವೆ.

ಈಗ ಸೇವೆಯಲ್ಲಿರುವವರಿಗೂ ಒಂದು ಮಾತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯುಳ್ಳ ಶಿಕ್ಷಕರು, ಶಿಕ್ಷಣ ಹಕ್ಕಿನ ಕಾಯಿದೆಗೆ ಮೊದಲೇ ನೇಮಕಗೊಂಡಿದ್ದರೂ, ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿತು. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಕೆಲಸದಲ್ಲಿ ಮುಂದುವರಿಯಬಹುದು, ಆದರೆ ಬಡ್ತಿಗೆ ಅವರಿಗೂ ಟಿ.ಇ.ಟಿ. ಬೇಕು. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಇದು ನೋವಿನ ವಿಷಯವೆಂಬುದನ್ನು ನಾವು ಬಲ್ಲೆವು. ಆದರೂ ಮನೆಯ ಮಕ್ಕಳೊಡನೆ ಕುಳಿತು ತಾವೂ ಓದುವ ಗುರುಗಳನ್ನು ಕಂಡಾಗ ಗೌರವ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ನಾಲ್ಕು ವರ್ಷದ ಹೊಸ ದಾರಿ

ಪಿ.ಯು.ಸಿ. ಓದುತ್ತಿರುವ ಮಕ್ಕಳಿರುವ ಮನೆಗಳಿಗೆ ಇನ್ನೊಂದು ದಾರಿಯೂ ಇದೆ. ಪದವಿ ಮತ್ತು ಬಿ.ಇಡಿ. ಎರಡನ್ನೂ ಬೆಸೆದ ನಾಲ್ಕು ವರ್ಷದ ಸಮಗ್ರ ಶಿಕ್ಷಣಕ್ರಮವೇ 2030ರ ವೇಳೆಗೆ ಶಿಕ್ಷಕರಾಗಲು ಕನಿಷ್ಠ ವಿದ್ಯಾರ್ಹತೆಯಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. 2021ರಲ್ಲಿ ಇದರ ನಿಯಮಗಳು ಪ್ರಕಟವಾಗಿ, 2023-24ರಿಂದ ದೇಶದ ಆಯ್ದ ಸಂಸ್ಥೆಗಳಲ್ಲಿ ಆರಂಭವಾಯಿತು. ಇದರ ವಿಶೇಷವೆಂದರೆ ವಿದ್ಯಾರ್ಥಿಯು ಯಾವ ಹಂತದ ಮಕ್ಕಳಿಗೆ ಕಲಿಸಬೇಕೆಂಬುದನ್ನು ಓದುವಾಗಲೇ ಆರಿಸಿಕೊಂಡು ಅದಕ್ಕೆ ತಕ್ಕ ತರಬೇತಿ ಪಡೆಯುತ್ತಾನೆ. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಪದವಿಯ ಜೊತೆಗೇ ಶಿಕ್ಷಕ ತರಬೇತಿ ನೀಡುವ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಬಹುಕಾಲದಿಂದ ಇದನ್ನು ನಡೆಸಿಕೊಂಡು ಬಂದಿದೆ. ಪದವಿ ಮೂರು ವರ್ಷ, ಬಿ.ಇಡಿ. ಎರಡು ವರ್ಷ ಎಂದು ಐದು ವರ್ಷ ಹಿಡಿಯುವ ಓದು ಇಲ್ಲಿ ನಾಲ್ಕರಲ್ಲಿ ಮುಗಿಯುತ್ತದೆ. ಶಿಕ್ಷಕರಾಗಲೇಬೇಕೆಂದು ನಿಶ್ಚಯಿಸಿದವರಿಗೆ ಒಂದು ವರ್ಷದ ಉಳಿತಾಯ ಸಣ್ಣದಲ್ಲ.

ಮನೆಯವರ ಪಾಲು

ಇಷ್ಟೆಲ್ಲ ನಿಯಮಗಳನ್ನು ಬರೆದ ಮೇಲೂ ನಮಗೆ ಅತಿ ಮುಖ್ಯವೆನಿಸುವ ಮಾತು ಉಳಿದಿದೆ. ಶಿಕ್ಷಕ ವೃತ್ತಿಯನ್ನು ನಾವು "ಹೆಣ್ಣುಮಕ್ಕಳಿಗೆ ಒಪ್ಪುವ ಕೆಲಸ, ಅರ್ಧ ದಿನದ ಕೆಲಸ" ಎಂದು ಹೊಗಳುತ್ತೇವೆ. ಆದರೆ ಅದಕ್ಕೆ ಬೇಕಾದ ಓದಿನ ಸಮಯವನ್ನು ಅವರಿಗೆ ಕೊಡುತ್ತೇವೆಯೇ? ಬಿ.ಇಡಿ. ನಡುವೆ ಮದುವೆ ನಿಶ್ಚಯವಾಗುತ್ತದೆ. ಶಾಲಾ ತರಬೇತಿಯ ವಾರಗಳಲ್ಲಿಯೇ ಸೀಮಂತ, ತೊಟ್ಟಿಲು, ಜಾತ್ರೆ ಬರುತ್ತವೆ. ಪರೀಕ್ಷೆಯ ಹಿಂದಿನ ದಿನ ಮನೆಗೆ ಬೀಗರು ಬಂದರೆ ರೊಟ್ಟಿ ಬಡಿಯಲು ಕೂಡಬೇಕಾದವಳು ಸೊಸೆಯೇ. ಹೀಗೆ ಪೂರ್ಣಗೊಳ್ಳದೆ ಉಳಿದ ಪ್ರಮಾಣಪತ್ರಗಳು ಅದೆಷ್ಟು ಕಪಾಟುಗಳಲ್ಲಿವೆಯೋ! ವರದಕ್ಷಿಣೆ, ಉಡುಗೊರೆಗಳ ಮಾತು ಬಿಟ್ಟು, "ನಮ್ಮ ಮಗಳಿಗೆ ಓದಲು ಎರಡು ವರ್ಷ ಕೊಡಿ" ಎಂದು ಬೀಗರನ್ನು ಕೇಳುವ ಧೈರ್ಯ ಹೆಣ್ಣು ಹೆತ್ತವರಿಗೆ ಬರಬೇಕು. ಅದಕ್ಕೆ ಒಪ್ಪುವ ಔದಾರ್ಯ ಗಂಡಿನ ಮನೆಯವರಲ್ಲಿ ಇರಬೇಕು. ದುಡಿಮೆಯಲ್ಲಿ ಹೆಣ್ಣು ಗಂಡೆಂಬ ಭೇದ ಮಾಡದ ಶರಣರ ಹೆಸರು ಹೇಳುವ ನಮಗೆ ಇದು ಭಾರವಾಗಬಾರದು.

ಸಮಾಜದ ಸಂಘಗಳೂ, ಮಠಗಳ ಪ್ರಸಾದ ನಿಲಯಗಳೂ ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ತಿಂಗಳಿಗೊಂದು ಭಾನುವಾರ ನಿವೃತ್ತ ಶಿಕ್ಷಕರನ್ನು ಕರೆದು ಶಿಶು ವಿಕಸನದ ಪಾಠ ಹೇಳಿಸಬಹುದು. ಅಧಿಸೂಚನೆ ಹೊರಟಾಗ ಅದನ್ನು ಓದಿ ಅರ್ಥ ಹೇಳುವ ಇಬ್ಬರು ತಿಳಿದವರನ್ನು ಊರಿಗೆ ಗೊತ್ತುಮಾಡಬಹುದು. ಇದಕ್ಕೆ ದೊಡ್ಡ ನಿಧಿ ಬೇಡ, ಒಂದು ಕೊಠಡಿ ಮತ್ತು ಕರಿಹಲಗೆ ಸಾಕು.

ಅಂದು ಆ ಮನೆಯಲ್ಲಿ ಫೈಲು ತಿರುವಿ ಹಾಕಿದ ಮೇಲೆ ನಾವು ಆ ಹೆಣ್ಣುಮಗಳಿಗೆ ಎರಡು ದಾರಿ ತೋರಿಸಿದೆವು. ಬಿ.ಎಸ್ಸಿ. ಮತ್ತು ಬಿ.ಇಡಿ. ಇದ್ದೇ ಇರುವುದರಿಂದ ಗಣಿತ ಮತ್ತು ವಿಜ್ಞಾನ ಆರಿಸಿಕೊಂಡು ಟಿ.ಇ.ಟಿ.ಯ ಎರಡನೆಯ ಪತ್ರಿಕೆ ಬರೆದರೆ 6ರಿಂದ 8ನೆಯ ತರಗತಿಯ ಬಾಗಿಲು ತೆರೆಯುತ್ತದೆ. ಚಿಕ್ಕ ಮಕ್ಕಳೇ ಬೇಕೆಂದರೆ ಇನ್ನೆರಡು ವರ್ಷ ಡಿ.ಎಲ್.ಇಡಿ. ಮಾಡಬೇಕು. ಯಜಮಾನರು ಲೆಕ್ಕ ಹಾಕುತ್ತ ಕುಳಿತರು. ಮಗಳು ಮಾತ್ರ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಆರನೇತ್ತೆ ಮಕ್ಕಳೂ ಸಣ್ಣವ್ರ ಅಲ್ಲೇನ್ರಿ?"

ಕಳೆದ ತಿಂಗಳು ಅವರ ಮನೆಯಿಂದ ಪತ್ರ ಬಂದಿತು. ಮಗಳ ಮದುವೆ ನಿಶ್ಚಯವಾಗಿದೆ. ನಿಶ್ಚಿತಾರ್ಥಕ್ಕೆ ಮೊದಲೇ ತಂದೆಯವರು ಬೀಗರೊಡನೆ ಓದಿನ ಮಾತು ತೆಗೆದರಂತೆ. ಹುಡುಗನ ತಾಯಿ ತಾವೇ ನಿವೃತ್ತ ಶಾಲಾ ಶಿಕ್ಷಕಿ. "ಪರೀಕ್ಷೆ ಆಗೂತನಾ ನಮ್ಮನ್ಯಾಗ ರೊಟ್ಟಿ ನಾನs ಬಡೀತೇನಿ, ಆಕಿ ಓದ್ಲಿ" ಎಂದರಂತೆ. ಎರಡನೆಯ ಪತ್ರಿಕೆಗೆ ಸಿದ್ಧತೆ ನಡೆದಿದೆ. ಫಲ ಏನಾಗುವುದೋ ಮುಂದೆ ತಿಳಿಯಬೇಕು. ಆದರೆ ತಾನು ಯಾವ ತರಗತಿಯ ಮಕ್ಕಳ ಮುಂದೆ ನಿಲ್ಲಲು ಓದುತ್ತಿದ್ದೇನೆಂಬುದು ಈಗ ಆಕೆಗೂ ಗೊತ್ತು, ಆ ಎರಡೂ ಮನೆಗಳಿಗೂ ಗೊತ್ತು. ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಅರ್ಜಿಗೆ ಸಹಿ ಮಾಡುವ ಮುನ್ನ ಮಗಳನ್ನೋ ಮಗನನ್ನೋ ಹತ್ತಿರ ಕೂಡಿಸಿಕೊಂಡು ಈ ಒಂದು ಪ್ರಶ್ನೆ ಕೇಳಿರಿ: "ನೀನು ಯಾವ ಮಕ್ಕಳಿಗೆ ಗುರುವಾಗಬೇಕೆಂದಿರುವೆ?" ಶುಲ್ಕದ ಮಾತು ಅದರ ಆಮೇಲೆ.